ಕೇಳುವ ಕಿವಿ, ಅಂಕ ಹಾಕುವ ಕೈ

ವೈಟ್‌ಫೀಲ್ಡ್ ಕಡೆಯ ಒಂದು ಹೋಟೆಲಿನ ಹಾಲ್. ಇಪ್ಪತ್ತೆಂಟು ಜನ ಮ್ಯಾನೇಜರುಗಳು ಬೆಳಿಗ್ಗೆ ಕೇಸರಿಬಾತು, ಅಂಗೈಯಗಲದ ಮಸಾಲೆದೋಸೆ ಮುಗಿಸಿ, ಕುತ್ತಿಗೆಗೆ ಹೆಸರಿನ ಪಟ್ಟಿ ನೇತುಹಾಕಿಕೊಂಡು ಕೂತಿದ್ದೆವು. ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕೆ ಮ್ಯಾನೇಜರ್ ಆಸರೆಯಾಗುವುದು ಹೇಗೆ ಎಂಬ ಬಗ್ಗೆ ಒಂದು ದಿನದ ತರಬೇತಿ. ನಡೆಸಿಕೊಟ್ಟ ಹೆಣ್ಣುಮಗಳು ವಿಷಯ ಬಲ್ಲವರು, ಮಾತೂ ಹಿತವಾಗಿತ್ತು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದರು. ಒಬ್ಬ ಕಷ್ಟ ಹೇಳಿಕೊಳ್ಳಬೇಕು, ಇನ್ನೊಬ್ಬ ಕೇಳಬೇಕು. ಸಲಹೆ ಕೊಡಕೂಡದು, ‘ನಂಗೂ ಹೀಗೇ ಆಗಿತ್ತು’ ಅನ್ನಕೂಡದು, ಗಡಿಯಾರ ನೋಡಕೂಡದು, ಮೊಬೈಲು ಬೋರಲು. ನನ್ನೆದುರು ಕೂತಿದ್ದ ಅಕೌಂಟ್ಸ್ ವಿಭಾಗದವರು ಕಷ್ಟ ನಟಿಸಲು ಹೋಗಿ ಗಂಟಲು ಕಟ್ಟಿ ಸುಮ್ಮನಾದರು. ಅದು ನಟನೆಯಲ್ಲ ಅಂತ ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ಕಾಫಿಗೆ ಎದ್ದೆವು.

ಗೋಡೆಯ ಮೇಲೆ ಒಂದು ದೊಡ್ಡ ಬಿಳಿ ಹಾಳೆ ಅಂಟಿಸಿದ್ದರು. ಅದರ ಹೆಸರು ‘ಪಾರ್ಕಿಂಗ್ ಲಾಟ್’. ಆ ದಿನದ ವಿಷಯಕ್ಕೆ ಸೇರದ ಪ್ರಶ್ನೆ ಯಾರಾದರೂ ಎತ್ತಿದರೆ ಹಳದಿ ಚೀಟಿಯಲ್ಲಿ ಬರೆದು ಅಲ್ಲಿ ಅಂಟಿಸುವುದು, ‘ಆಮೇಲೆ ನೋಡೋಣ’ ಅನ್ನುವುದು. ಮಧ್ಯಾಹ್ನದೊಳಗೆ ಮೂರು ಚೀಟಿ ಬಿದ್ದವು. ಒಂದು ನನ್ನದೇ: ‘ಟೀಮಿನಲ್ಲಿ ಇಬ್ಬರು ಬಿಟ್ಟುಹೋಗಿದ್ದಾರೆ, ಬದಲಿ ಜನ ಯಾವಾಗ?’ ಸಂಜೆ ಸರ್ಟಿಫಿಕೇಟು ಕೊಟ್ಟರು, ಗುಂಪು ಫೋಟೋ ಆಯಿತು. ಚೀಟಿಗಳ ಕಡೆ ಯಾರೂ ಹೋಗಲಿಲ್ಲ.

ಎರಡು ವಾರದ ಮೇಲೆ ನನ್ನ ಟೀಮಿನ ಹುಡುಗಿಯೊಬ್ಬಳು ಬಂದು ಬಾಗಿಲಲ್ಲಿ ನಿಂತಳು. ಹಾವೇರಿ ಕಡೆಯವಳು, ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಕೂತ್ಕೊಳ್ಳಿ ಅಂದೆ. ಕೂತಳು, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಮೂರು ವಾರಾತ್ರಿ ಸರ್, ನಿದ್ದಿನ ಬರವಲ್ದು. ಫೋನ್ ರಿಂಗಾದ್ರ ಸಾಕು, ಎದಿ ಡವಡವ ಅಂತೈತಿ.’

ಕಲಿತದ್ದನ್ನೆಲ್ಲ ಮಾಡಿದೆ. ಮೊಬೈಲು ಬೋರಲು ಹಾಕಿದೆ. ನಡುವೆ ಬಾಯಿ ಹಾಕಲಿಲ್ಲ. ನಲವತ್ತು ನಿಮಿಷ ಕೇಳಿದೆ. ಕೊನೆಗೆ ಕಂಪನಿ ಗೊತ್ತುಮಾಡಿದ್ದ ಕೌನ್ಸೆಲಿಂಗ್ ನಂಬರು ಕೊಟ್ಟೆ. ಹೋಗುವಾಗ ಅವಳ ಮುಖ ಸ್ವಲ್ಪ ಹಗುರಾಗಿತ್ತು, ನನ್ನದೂ ಕೂಡ. ತರಬೇತಿ ಫಲ ಕೊಟ್ಟಿತು ಅಂದುಕೊಂಡೆ.

ಫೋನು ಯಾಕೆ ರಿಂಗಾಗುತ್ತಿತ್ತು ಎಂಬುದನ್ನು ಹೇಳಬೇಕು. ನಮ್ಮದು ಅಮೆರಿಕದ ಗಿರಾಕಿಯ ಸಿಸ್ಟಮ್ಮುಗಳನ್ನು ರಾತ್ರಿ ಕಾಯುವ ಕೆಲಸ. ಏನಾದರೂ ಕೆಟ್ಟರೆ ಆನ್‌ಕಾಲ್ ಇರುವವರಿಗೆ ಫೋನು, ಹತ್ತು ನಿಮಿಷದಲ್ಲಿ ಲ್ಯಾಪ್‌ಟಾಪ್ ಮುಂದೆ ಹಾಜರಿರಬೇಕು. ನಾಲ್ಕು ಜನರಿದ್ದಾಗ ತಿಂಗಳಿಗೊಂದು ವಾರ ಪಾಳಿ ಬರುತ್ತಿತ್ತು. ಇಬ್ಬರು ಬಿಟ್ಟ ಮೇಲೆ ವಾರ ಬಿಟ್ಟು ವಾರ. ಅವಳ ಕಾಯಿಲೆಯ ಮೂಲ ಅಲ್ಲೇ ಇತ್ತು ಅಂತ ನಾನು ತೀರ್ಪು ಕೊಡಲಾರೆ, ನಾನು ಡಾಕ್ಟರಲ್ಲ. ಆದರೆ ನನ್ನ ಕೈಗೆ ಎಟುಕುವಷ್ಟು ದೂರದಲ್ಲಿ ಇದ್ದದ್ದು ಅದೊಂದೇ, ಮತ್ತು ಅದನ್ನು ಮುಟ್ಟುವ ಅಧಿಕಾರ ನನಗಿರಲಿಲ್ಲ. ಹೊಸಬರನ್ನು ತೆಗೆದುಕೊಳ್ಳುವುದಕ್ಕೆ ಮೇಲಿನಿಂದ ತಡೆ. ಗಿರಾಕಿಯ ಜೊತೆಗಿನ ಒಪ್ಪಂದ ನನಗಿಂತ ನಾಲ್ಕು ಮೆಟ್ಟಿಲು ಮೇಲೆ. ನಲವತ್ತು ನಿಮಿಷ ಮನ ಬಿಚ್ಚಿ ಮಾತಾಡಿದ ಹುಡುಗಿ ಅದೇ ರಾತ್ರಿ ಅದೇ ಪಾಳಿಗೆ ಹೋದಳು.

ಮಾರ್ಚಿನಲ್ಲಿ ಅಪ್ರೈಸಲ್. ಈ ಮೀಟಿಂಗನ್ನು ಒಳಗಿನಿಂದ ಕಂಡವರಿಗೆ ಗೊತ್ತು: ಆರೇಳು ಮ್ಯಾನೇಜರುಗಳು ತಂತಮ್ಮ ಹುಡುಗರನ್ನು ಒಂದು ಬೆಲ್ ಕರ್ವಿನೊಳಗೆ ತುರುಕಬೇಕು, ಇಷ್ಟು ಜನ ಮೇಲೆ, ಇಷ್ಟು ಜನ ನಡುವೆ, ಇಷ್ಟು ಜನ ಕೆಳಗೆ. ಸಂತೆಯ ಚೌಕಾಸಿಗೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಅವಳ ಹೆಸರು ಬಂತು. ಹಿಂದಿನ ಮೂರು ತಿಂಗಳು ಕೆಲಸ ಸ್ವಲ್ಪ ಕುಂಟಿದ್ದು ನಿಜ. ಅವಳ ಪರ ನಿಲ್ಲಬೇಕು ಅಂತಲೇ ಬಾಯಿ ತೆಗೆದೆ: ‘ಅವರಿಗೆ ಈಗ ಸ್ವಲ್ಪ ಕಷ್ಟ ಇದೆ, ಆರೋಗ್ಯದ್ದು. ಅರ್ಥ ಮಾಡಿಕೊಳ್ಳಬೇಕು.’ ಎಲ್ಲರೂ ಅರ್ಥ ಮಾಡಿಕೊಂಡರು. ‘ಹಾಗಾದ್ರೆ ಲೀಡ್ ಜವಾಬ್ದಾರಿ ಈ ವರ್ಷ ಬೇಡ ಬಿಡಿ, ಪಾಪ’ ಅಂದರು ಒಬ್ಬರು.

ಪಾಪ. ಈ ಎರಡಕ್ಷರದ ಮಾತು ಕನ್ನಡದಲ್ಲಿ ಎಷ್ಟು ಕೆಲಸ ಮಾಡುತ್ತದೆ ನೋಡಿ. ಮಾಡಬಾರದ್ದನ್ನು ಮಾಡಿದರೂ ಪಾಪ, ಏನೂ ಮಾಡದೆ ಅನುಭವಿಸಿದರೂ ಪಾಪ. ಒಬ್ಬರನ್ನು ‘ಪಾಪ’ ಅಂದ ಮೇಲೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ಭಾರ ಹೊರಿಸುವ ಹಾಗೂ ಇಲ್ಲ, ಬಡ್ತಿಯೂ ಇಲ್ಲ. ಆ ಕೋಣೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಅವಳು ನನ್ನ ಹತ್ತಿರ ಬಾಯಿ ಬಿಡದೇ ಹೋಗಿದ್ದರೆ, ನಾನು ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳದೇ ಹೋಗಿದ್ದರೆ, ಆ ವರ್ಷ ಅವಳು ಲೀಡ್ ಆಗುತ್ತಿದ್ದಳೋ ಏನೋ.

ನನ್ನ ತಕರಾರು ಇಷ್ಟೇ. ಕಷ್ಟ ಕೇಳುವ ಕಿವಿ ಮತ್ತು ಅಂಕ ಹಾಕುವ ಕೈ ಒಂದೇ ಮೈಯಲ್ಲಿರುವಾಗ, ಕಿವಿಯನ್ನು ಇನ್ನಷ್ಟು ಹರಿತ ಮಾಡುವುದು ಯಾವಾಗಲೂ ಉಪಕಾರವೇ ಆಗಬೇಕೆಂದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗುಟ್ಟು ಕಾಪಾಡುವ ಹೊಣೆಯನ್ನು ಚಿಕಿತ್ಸೆ ಕೊಡುವವರ ಮೇಲೆ ಹಾಕಿದೆ. ಮ್ಯಾನೇಜರ್ ಚಿಕಿತ್ಸೆ ಕೊಡುವವನಲ್ಲ. ಅವನ ಬಾಯಿಗೆ ಬೀಗ ಹಾಕಲು ಇರುವುದು ಅವನ ಸಜ್ಜನಿಕೆಯೊಂದೇ, ಮತ್ತು ನಾನೇ ತೋರಿಸಿದ ಹಾಗೆ ಕೆಲವೊಮ್ಮೆ ಆ ಸಜ್ಜನಿಕೆಯೇ ಬೀಗ ತೆಗೆಯುತ್ತದೆ.

ಈ ಮಾತಿಗೆ ಎದುರು ಮಾತು ಬಲವಾಗಿಯೇ ಇದೆ. ಅದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನನಗೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2022ರ ಸೆಪ್ಟೆಂಬರಿನಲ್ಲಿ ಕೆಲಸದ ಸ್ಥಳದ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಮ್ಯಾನೇಜರುಗಳಿಗೆ ತರಬೇತಿ ಕೊಡಿ ಎಂಬುದು ಅದರ ಗಟ್ಟಿ ಶಿಫಾರಸುಗಳಲ್ಲೊಂದು. ಅದಕ್ಕೂ ಮೊದಲು, 2017ರಲ್ಲಿ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಅಗ್ನಿಶಾಮಕ ದಳದ ಅಧ್ಯಯನವೊಂದು ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಬಂತು. 128 ಮೇಲಧಿಕಾರಿಗಳನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ಬರೀ ನಾಲ್ಕು ಗಂಟೆಯ ತರಬೇತಿ ಕೊಟ್ಟರು. ಆರು ತಿಂಗಳ ಮೇಲೆ ನೋಡಿದರೆ ತರಬೇತಿ ಪಡೆದವರ ಕೈಕೆಳಗೆ ಕೆಲಸಕ್ಕೆ ಸಂಬಂಧಪಟ್ಟ ಅನಾರೋಗ್ಯ ರಜೆ ಇಳಿದಿತ್ತು. ಒಂದು ಪೌಂಡು ಹಾಕಿದ್ದಕ್ಕೆ ಹತ್ತಿರ ಹತ್ತಿರ 10 ಪೌಂಡು ಉಳಿಯಿತು ಅಂತ ಲೆಕ್ಕ. ಆ ನಾಲ್ಕು ಗಂಟೆ ದಂಡವಾಯಿತು ಅಂತ ಯಾರು ಹೇಳಿಯಾರು?

ನಾನೂ ಹೇಳುವುದಿಲ್ಲ. ಆದರೆ ಅಲ್ಲಿ ಅಳೆದದ್ದು ರಜೆಯನ್ನು. ರಜೆ ಕಡಿಮೆಯಾಯಿತು ಅಂದರೆ ನೋವು ಕಡಿಮೆಯಾಯಿತು ಅಂತ ಓದಿಕೊಳ್ಳುವುದಕ್ಕೆ ಮೊದಲು, ನಮ್ಮಲ್ಲಿ ರಜೆ ಅರ್ಜಿ ಹೇಗೆ ಬರೆಯುತ್ತಾರೆ ಎಂಬುದನ್ನು ನೆನೆಸಿಕೊಳ್ಳಬೇಕು. ಹನ್ನೊಂದು ವರ್ಷ ಮ್ಯಾನೇಜರಾಗಿದ್ದವನು ನಾನು. ‘ಮನಸ್ಸಿಗೆ ಸರಿಯಿಲ್ಲ’ ಅಂತ ಕಾರಣ ಬರೆದ ಒಂದೇ ಒಂದು ರಜೆ ಅರ್ಜಿ ನನ್ನ ಮುಂದೆ ಬಂದಿಲ್ಲ. ಎಲ್ಲರಿಗೂ ವೈರಲ್ ಫೀವರ್. ಬೇಸಿಗೆಯಲ್ಲೂ ವೈರಲ್ ಫೀವರ್. ಇನ್ನೊಂದು ಸಂಗತಿ: ಅಗ್ನಿಶಾಮಕ ದಳದ ಆ ಅಧಿಕಾರಿಗಳಿಗೆ ಮುಖ್ಯವಾಗಿ ಕಲಿಸಿದ್ದು, ತೊಂದರೆಯಲ್ಲಿರುವ ಅಥವಾ ರಜೆ ಹಾಕಿದ ನೌಕರನ ಸಂಪರ್ಕ ಬಿಡಬೇಡಿ, ಅಳುಕದೆ ಮಾತಾಡಿಸಿ ಎಂಬುದನ್ನು. ಹುಷಾರಿಲ್ಲದವರ ಮನೆಗೆ ಹೋಗಿ ವಿಚಾರಿಸಿಕೊಂಡು ಬರುವುದನ್ನು ನಮ್ಮ ಹಿರಿಯರು ಯಾವ ಸರ್ಟಿಫಿಕೇಟೂ ಇಲ್ಲದೆ ಮಾಡುತ್ತಿದ್ದರು. ಮತ್ತೆ ಅಲ್ಲಿಯದು ಸರ್ಕಾರಿ ಕೆಲಸ. ಹುಷಾರಿಲ್ಲ ಅಂದವನ ಹೆಸರು ಮರುದಿನ ಬೆಲ್ ಕರ್ವಿನ ಕೆಳತುದಿಗೆ ಜಾರುವ ಭಯ ಅಲ್ಲಿ ಎಷ್ಟಿರುತ್ತದೆ, ಇಲ್ಲಿ ಎಷ್ಟಿದೆ ಎಂಬುದನ್ನೂ ತೂಗಬೇಕು.

ಇನ್ನು ಆ ಮಾರ್ಗಸೂಚಿ. ಅದು ಮೊದಲು ಹೇಳುವುದು ಕೆಲಸದ ರೀತಿಯನ್ನೇ ತಿದ್ದಿ ಎಂದು, ಅಂದರೆ ಹೊರೆ, ವೇಳೆ, ನೌಕರರನ್ನು ಕೇಳಿ ತೀರ್ಮಾನ ತೆಗೆದುಕೊಳ್ಳುವುದು. ಆದರೆ ಅದಕ್ಕಿರುವ ಪುರಾವೆ ತೀರಾ ತೆಳು ಅಂತಲೂ ಅದೇ ಒಪ್ಪುತ್ತದೆ, ತರಬೇತಿಯ ಪುರಾವೆಗೆ ಹೆಚ್ಚು ತೂಕ ಕೊಡುತ್ತದೆ. ಮೇಲ್ನೋಟಕ್ಕೆ ಇದು ನನ್ನ ವಾದಕ್ಕೆ ಪೆಟ್ಟು. ಸ್ವಲ್ಪ ನಿಂತು ಯೋಚಿಸಿದರೆ ಹಾಗೆ ಕಾಣುವುದಿಲ್ಲ. ಒಂದು ಬೆಳಗಿನ ತರಬೇತಿಯನ್ನು ಅರ್ಧ ಜನಕ್ಕೆ ಕೊಟ್ಟು ಅರ್ಧ ಜನಕ್ಕೆ ಕೊಡದೆ ಪರೀಕ್ಷೆ ಮಾಡುವುದು ಸುಲಭ. ‘ನಿಮ್ಮ ಕಂಪನಿಯ ಅರ್ಧ ಟೀಮುಗಳ ಟಾರ್ಗೆಟ್ ಇಳಿಸಿ, ಆರು ತಿಂಗಳು ನೋಡೋಣ’ ಅಂತ ಸಂಶೋಧಕ ಕೇಳಿದರೆ ಯಾವ ಮಾಲೀಕ ಬಾಗಿಲು ತೆಗೆದಾನು? ಕಳೆದ ಕೀಲಿಕೈಯನ್ನು ಬೀದಿದೀಪದ ಕೆಳಗೇ ಹುಡುಕಿದ ಹಾಗೆ, ಪುರಾವೆ ಸಿಗುವುದು ಬೆಳಕಿರುವ ಕಡೆ. ಸಿಗದಿರುವ ಕಡೆ ಕೀಲಿ ಇಲ್ಲ ಎಂದೇನೂ ಅಲ್ಲ.

ನೌಕರರ ಮನಸ್ಸನ್ನೇ ಗಟ್ಟಿಮಾಡಲು ಹೊರಟ ಕಾರ್ಯಕ್ರಮಗಳ ಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ನೋಡಿದರು. ಧ್ಯಾನದ ತರಗತಿ, ಒತ್ತಡ ನಿಭಾಯಿಸುವ ಪಾಠ, ನಿದ್ದೆಯ ಆ್ಯಪ್ ಇಂಥವುಗಳಲ್ಲಿ ಪಾಲ್ಗೊಂಡವರ ಸ್ಥಿತಿ ಪಾಲ್ಗೊಳ್ಳದವರಿಗಿಂತ ಮೇಲೇನೂ ಇರಲಿಲ್ಲ. ಮ್ಯಾನೇಜರ್ ತರಬೇತಿ ಬೇರೆಯೇ, ಒಪ್ಪುತ್ತೇನೆ. ಆದರೆ ಎರಡೂ ಒಂದೇ ಬಜೆಟ್ಟಿನಿಂದ ಬರುತ್ತವೆ, ಎರಡಕ್ಕೂ ಒಂದೇ ಗುಣ: ಕೆಲಸ ಇದ್ದ ಹಾಗೇ ಇರುತ್ತದೆ.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ ಎದುರು ವಾದ ನಮ್ಮ ಊರಿನದೇ. 1970ರ ದಶಕದಲ್ಲಿ ನಿಮ್ಹಾನ್ಸ್‌ನವರು ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಒಂದು ಸಮುದಾಯ ಘಟಕ ಇಟ್ಟು, ಮನೋವೈದ್ಯರಲ್ಲದವರಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ, ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸತೊಡಗಿದರು. 1980ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಗೆ ಹೋಯಿತು. ಬಳ್ಳಾರಿಯ ಮಾದರಿಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಮನೋವೈದ್ಯರ ದಾರಿ ಕಾಯುತ್ತ ಕೂತರೆ ಆಗದು, ಇರುವವರಿಗೇ ನಾಲ್ಕಕ್ಷರ ಕಲಿಸಿ ಎಂಬ ವಿಚಾರವನ್ನು ನಾಡಿಗೆ ತೋರಿಸಿಕೊಟ್ಟವರು ನಾವು. ಹಾಗಿರುವಾಗ ಮ್ಯಾನೇಜರಿಗೆ ಕಲಿಸಬೇಡಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ಬಹಳ ದಿನ ಇದಕ್ಕೆ ಉತ್ತರ ಹೊಳೆದಿರಲಿಲ್ಲ. ಆಮೇಲೆ ನಮ್ಮ ತಾಯಿಯ ಊರಿನ ಆಶಾ ಕಾರ್ಯಕರ್ತೆ ನೆನಪಾದರು. ಆಕೆ ಮನೆ ಮನೆಗೆ ಹೋಗುತ್ತಾರೆ, ಹಜಾರದಲ್ಲಿ ಕೂತು ಒಂದು ಲೋಟ ಕಾಫಿ ಕುಡಿದು, ಸೊಸೆ ಯಾಕೆ ಊಟ ಬಿಟ್ಟಿದ್ದಾಳೆ ಅಂತ ವಿಚಾರಿಸುತ್ತಾರೆ. ಆ ಸೊಸೆಯ ಸಂಬಳ ಆಕೆಯ ಕೈಯಲ್ಲಿಲ್ಲ. ಬಡ್ತಿ ಆಕೆ ಬರೆಯುವುದಿಲ್ಲ. ಮುಂದಿನ ವರ್ಷ ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಅಂತ ಯಾವ ಮೀಟಿಂಗಿನಲ್ಲೂ ಆಕೆಯನ್ನು ಕೇಳುವುದಿಲ್ಲ. ಬಳ್ಳಾರಿಯಲ್ಲಿ ಕಲಿಸಿದ ವಿದ್ಯೆ ಹೋದದ್ದು ಅಂಥವರ ಕೈಗೆ. ವಿದ್ಯೆಯಲ್ಲಿ ತಪ್ಪಿಲ್ಲ, ಅದನ್ನು ತಂದು ಇಟ್ಟ ಮೇಜು ಬೇರೆ.

ಈ ವ್ಯತ್ಯಾಸವನ್ನು ಕಾನೂನಿನಲ್ಲೇ ಬರೆದಿಟ್ಟ ದೇಶವಿದೆ. ಜಪಾನಿನಲ್ಲಿ 2015ರ ಡಿಸೆಂಬರಿನಿಂದ 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ವರ್ಷಕ್ಕೊಮ್ಮೆ ಒತ್ತಡದ ತಪಾಸಣೆ ಕಡ್ಡಾಯ. ಫಲಿತಾಂಶ ನೇರ ನೌಕರನ ಕೈಗೆ ಹೋಗುತ್ತದೆ, ಅವನು ಒಪ್ಪದೆ ಮಾಲೀಕರಿಗೆ ಕೊಡುವಂತಿಲ್ಲ. ಇನ್ನೂ ಒಂದು ಷರತ್ತಿದೆ, ಅದನ್ನು ಓದಿದಾಗ ಆ ಮಾರ್ಚ್ ಮೀಟಿಂಗ್ ಕಣ್ಣ ಮುಂದೆ ಬಂತು: ಆ ನೌಕರನ ಬಡ್ತಿ, ವರ್ಗಾವಣೆ, ವಜಾ ಇವುಗಳ ನೇರ ಅಧಿಕಾರ ಇರುವ ಮೇಲಧಿಕಾರಿ ತಪಾಸಣೆಯ ಕೆಲಸದಲ್ಲಿ ಕೈ ಹಾಕುವಂತಿಲ್ಲ. ಅತಿ ದುಡಿಮೆಯಿಂದ ಸಾಯುವುದಕ್ಕೆ ‘ಕರೋಶಿ’ ಅಂತ ಬೇರೆಯೇ ಹೆಸರಿಟ್ಟುಕೊಂಡ ದೇಶ ಅದು. ಅವರೇನು ಆದರ್ಶವಲ್ಲ. ಆದರೆ ಕಿವಿಯನ್ನೂ ಕೈಯನ್ನೂ ಬೇರೆ ಮಾಡಬೇಕೆಂಬುದು ಅವರಿಗೆ ಹೊಳೆದಿದೆ.

ಹಾಗಾದರೆ ಮ್ಯಾನೇಜರ್ ಕಲ್ಲಿನ ಹಾಗೆ ಕೂತಿರಬೇಕೆ? ನನ್ನ ತಂದೆ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರಾಗಿದ್ದರು. ಅವರ ಡಿಪೋದಲ್ಲಿ ಒಬ್ಬ ಡ್ರೈವರಿನ ಗಾಡಿಗೆ ರಾತ್ರಿ ಹೊತ್ತು ಸೈಕಲ್ ಸವಾರನೊಬ್ಬ ಸಿಕ್ಕಿ ತೀರಿಕೊಂಡ. ಡ್ರೈವರಿನ ತಪ್ಪಿಲ್ಲ ಅಂತ ಆಯಿತು. ಆದರೆ ಆ ಮನುಷ್ಯ ಕತ್ತಲಾದರೆ ಸ್ಟೇರಿಂಗ್ ಹಿಡಿಯಲು ನಡುಗುತ್ತಿದ್ದ, ಅದನ್ನು ಯಾರ ಹತ್ತಿರವೂ ಹೇಳುತ್ತಿರಲಿಲ್ಲ. ಡ್ಯೂಟಿ ಹಾಕುತ್ತಿದ್ದ ಟಿ.ಸಿ. ಸಾಹೇಬರು ಒಂದು ದಿನ ಪಟ್ಟಿಯಿಂದ ತಲೆ ಎತ್ತದೆ ಹೇಳಿದರಂತೆ: ‘ನಾಳೆಯಿಂದ ನಿನಗೆ ನೈಟ್‌ಔಟ್ ಇಲ್ಲ ಕಣಯ್ಯ. ಹಗಲು ಲೋಕಲ್ ತಗೋ.’ ಯಾಕೆ ಅಂತ ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಆರೇಳು ತಿಂಗಳು ಆ ಡ್ರೈವರು ಹಳ್ಳಿ ರೂಟಿನಲ್ಲಿ ನಮ್ಮ ತಂದೆಯ ಜೊತೆ ಓಡಾಡಿ, ಆಮೇಲೆ ತಾನಾಗಿಯೇ ನೈಟ್‌ಔಟ್ ಕೇಳಿ ಹಾಕಿಸಿಕೊಂಡ. ಹಳೆಯ ಕಾಲವೇ ಚೆನ್ನ ಎನ್ನುವ ಚಟ ನನಗಿಲ್ಲ. ಅದೇ ಡಿಪೋದಲ್ಲಿ ಕುಡಿದು ಹಾಳಾದವರಿದ್ದರು, ಅವರ ಕಡೆ ಯಾರೂ ತಿರುಗಿ ನೋಡಲಿಲ್ಲ. ನಾನು ಹೇಳುವುದು ಆ ಟಿ.ಸಿ. ಸಾಹೇಬರಿಗೆ ಇದ್ದದ್ದೇನು, ನನಗೆ ಇಲ್ಲದ್ದೇನು ಎಂಬುದನ್ನಷ್ಟೇ. ಅವರ ಕೈಯಲ್ಲಿ ಡ್ಯೂಟಿ ಪಟ್ಟಿ ಇತ್ತು, ಪಕ್ಕದಲ್ಲಿ ರಬ್ಬರೂ ಇತ್ತು.

ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ 2004ರಲ್ಲಿ ಕೆಲಸದ ಒತ್ತಡಕ್ಕೆ ಮಾನದಂಡ ಮಾಡಿದಾಗ ಆರು ಬಾಬತ್ತು ಗುರುತಿಸಿತು: ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಸಿಗುವ ಬೆಂಬಲ, ಸಹೋದ್ಯೋಗಿಗಳ ಸಂಬಂಧ, ತನ್ನ ಪಾತ್ರ ಏನೆಂಬ ಸ್ಪಷ್ಟತೆ, ಬದಲಾವಣೆಯನ್ನು ತರುವ ರೀತಿ. ಇದರಲ್ಲಿ ಒಂದಕ್ಕಾದರೂ ನೌಕರನ ಮನಸ್ಸಿನೊಳಗೆ ಟಾರ್ಚು ಬಿಡಬೇಕಾದ ಅಗತ್ಯವಿಲ್ಲ. ನಮ್ಮಲ್ಲಿಯ ಉದಾಹರಣೆ ಬೇಕಾದರೆ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಿವೆ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಮ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿ ಹಳೆಯ ದೀಪ ತೆಗೆದು ಎಲ್‌ಇಡಿ ಹಾಕಿದ್ದರ ಪರಿಣಾಮ ನೋಡಿದರು. ಕರೆಂಟ್ ಉಳಿಸಲೆಂದು ಹಾಕಿದ ದೀಪ. ಫ್ಲೋರಿನ ಸೆಕೆ ಇಳಿದು, ಬಿಸಿಲ ದಿನಗಳಲ್ಲೂ ಹೊಲಿಗೆಯ ಪ್ರಮಾಣ ಕುಸಿಯುವುದು ಕಡಿಮೆಯಾಯಿತು. ಅವರು ಅಳೆದದ್ದು ಉತ್ಪಾದನೆಯನ್ನು, ಮನಸ್ಸನ್ನಲ್ಲ. ಆದರೂ ಗಂಟೆಗಿಷ್ಟು ಪೀಸು ಅಂತ ಟಾರ್ಗೆಟ್ ಇರುವ ಲೈನಿನಲ್ಲಿ, ಸೆಕೆಗೆ ಕೈ ನಿಧಾನವಾದರೆ ಸೂಪರ್‌ವೈಸರ್ ಬಾಯಿಂದ ಏನೇನು ಬರುತ್ತದೆ ಎಂಬುದನ್ನು ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಸೂಪರ್‌ವೈಸರಿಗೆ ಸಹಾನುಭೂತಿಯ ಪಾಠ ಹೇಳುವುದಕ್ಕೆ ಮುಂಚೆ ದೀಪ ಬದಲಿಸುವುದು ಒಳ್ಳೆಯದು.

ತರಬೇತಿ ಬೇಡವೇ ಬೇಡ ಅಂತ ನಾನು ಹಟ ಹಿಡಿದಿಲ್ಲ. ಒಂದು ದಿನದ್ದನ್ನು ಎರಡು ಗಂಟೆ ಮಾಡಿ. ಯಾರಾದರೂ ಜೀವದ ಮೇಲೆ ಆಸೆ ಬಿಟ್ಟ ಮಾತಾಡಿದರೆ ಒಂಟಿಯಾಗಿ ಬಿಡಬೇಡ, ತಡಮಾಡದೆ ಸಹಾಯಕ್ಕೆ ಕರೆ ಅಂತ ಕಲಿಸಿ. 14416 ಎಂಬ ಟೆಲಿ ಮಾನಸ್ ನಂಬರನ್ನು, ಅದು ದಿನದ 24 ಗಂಟೆಯೂ ಕನ್ನಡದಲ್ಲೇ ಸಿಗುತ್ತದೆಂಬುದನ್ನು, ಕಂಪನಿಯ ಕಂಪ್ಯೂಟರಿನಲ್ಲಿ ಅದರ ದಾಖಲೆ ಉಳಿಯುವುದಿಲ್ಲವೆಂಬುದನ್ನು ಹೇಳಿಕೊಡಿ. ಯಾರಾದರೂ ಹೇಳಿಕೊಳ್ಳಲು ಬಂದರೆ ‘ಎಷ್ಟು ಹೇಳಬೇಕೋ ಅಷ್ಟೇ ಹೇಳಿ, ಕೆಲಸದಲ್ಲಿ ಏನು ಬದಲಾಗಬೇಕು ಅದನ್ನು ಹೇಳಿ, ಕಾರಣ ನನಗೆ ಬೇಡ’ ಅನ್ನುವುದನ್ನು ಕಲಿಸಿ. ಇದು ಒರಟಾಗಿ ಕೇಳಿಸೀತು. ನನ್ನ ಅನುಭವದಲ್ಲಿ ಇದಕ್ಕಿಂತ ಹೆಚ್ಚು ರಕ್ಷಣೆ ಕೊಡುವ ಮಾತಿಲ್ಲ. ಉಳಿದ ಆರು ಗಂಟೆ ಪಾಳಿ ಪಟ್ಟಿ ಹೇಗೆ ಮಾಡಬೇಕು, ಇಬ್ಬರ ಕೆಲಸ ಒಬ್ಬರ ಮೇಲೆ ಬಿದ್ದಾಗ ಯಾವ ಕೆಲಸ ಬಿಡಬೇಕು, ಗಿರಾಕಿಗೆ ‘ಆಗಲ್ಲ’ ಅನ್ನುವುದು ಹೇಗೆ ಎಂಬುದಕ್ಕೆ ಕೊಡಿ. ಮತ್ತು ಹಾಗೆ ಅಂದವನ ಬೆನ್ನಿಗೆ ನಿಲ್ಲುವುದನ್ನು ಮೇಲಿನವರಿಗೆ ಕಲಿಸಿ. 2024ರಲ್ಲಿ ನಮ್ಮ ರಾಜ್ಯದಲ್ಲೇ ಐಟಿ ನೌಕರರಿಗೆ ದಿನಕ್ಕೆ 14 ಗಂಟೆವರೆಗೆ ದುಡಿಮೆ ಎಂಬ ಪ್ರಸ್ತಾಪ ಬಂದು, ನೌಕರರ ಸಂಘ ಕೂಗೆಬ್ಬಿಸಬೇಕಾಯಿತು. ಅಂಥ ಹೊತ್ತಿನಲ್ಲಿ ತಲೆಯಾಡಿಸುವ ಮ್ಯಾನೇಜರಿಗಿಂತ ತಲೆ ಅಲ್ಲಾಡಿಸಿ ‘ಇಲ್ಲ’ ಅನ್ನುವ ಮ್ಯಾನೇಜರ್ ಹೆಚ್ಚು ಬೇಕು.

ಹಾವೇರಿಯ ಹುಡುಗಿ ಮುಂದಿನ ದೀಪಾವಳಿಯ ಹೊತ್ತಿಗೆ ಕೆಲಸ ಬಿಟ್ಟು ಬೇರೆ ಕಡೆ ಸೇರಿದಳು. ಮೊನ್ನೆ ಫೋನು ಮಾಡಿದ್ದಳು. ಈಗ ಅವಳ ಕೈಕೆಳಗೆ ಒಂಬತ್ತು ಜನರಿದ್ದಾರಂತೆ, ನಿದ್ದೆಯೂ ಬರುತ್ತದಂತೆ.

‘ನಿನ್ನೆ ನಮ್ಗೂ ಅದ ಟ್ರೇನಿಂಗ್ ಇಟ್ಟಿದ್ರು ಸರ್. ನಿಮ್ಮನ್ನ ನೆನಸ್ಕೊಂಡೆ’ ಅಂದಳು.

ಅದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ಹೇಗಿತ್ತು ಅಂತ ಕೇಳಿದೆ.

‘ಛಲೋ ಇತ್ರಿ. ನಾ ಒಂದ ಕೇಳ್ದೆ. ನಮ್ಮ ಹುಡುಗ್ರ ನೈಟ್ ಪಾಳಿ ಬದಲ್ ಮಾಡೂ ಅಧಿಕಾರ ನನಗ ಕೊಡ್ತೀರೇನು ಅಂತ.’

‘ಏನಂದ್ರು?’

‘ಭಾಳ ಛಲೋ ಪ್ರಶ್ನೆ ಅಂದ್ರು ಸರ್. ಹಳದಿ ಚೀಟಿ ಮ್ಯಾಲ ಬರದು ಗ್ವಾಡಿಗೆ ಅಂಟಿಸಿದ್ರು.’